ಮರುದೇವಮ್ಮನವರ ಎರಡು ದಾವೆಗಳು

ಅರಸೀಕೆರೆ ಕೋರ್ಟಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಒಮ್ಮೊಮ್ಮೆ ನಮ್ಮ ಮನೆಗೆ ಬಂದು ಕೂರುತ್ತಾರೆ. ಜಮೀನಿನ ಕೇಸುಗಳಲ್ಲಿ ತಡೆಯಾಜ್ಞೆ ಬೇಗ ಸಿಗಬೇಕಾದರೆ ಅರ್ಜಿ ಹೇಗೆ ಬರೆಯಬೇಕು ಎಂದು ಕೇಳುತ್ತಾರೆ. ಬರೆಯುವುದನ್ನು ಅವರು ನನಗಿಂತ ಚೆನ್ನಾಗಿ ಬಲ್ಲರು. ಕಂಪ್ಯೂಟರಿನ ಮುಂದೆ ಕೂತು ಕಾಫಿ ಆರುವುದರೊಳಗೆ ವಾದಪತ್ರ ಸಿದ್ಧ ಮಾಡುತ್ತಾರೆ. ನಾನು ಹೇಳಬಹುದಾದದ್ದೇನಾದರೂ ಇದ್ದರೆ ಅದು ತಡೆಯಾಜ್ಞೆ ಸಿಕ್ಕಿದ ಮೇಲೆ ಏನಾಗುತ್ತದೆ ಎಂಬುದು. ಅದನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ನಂಜುಂಡಯ್ಯನವರ ಕಚೇರಿಗೆ ಜೂನಿಯರ್ ಆಗಿ ಸೇರಿದೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ, ಕೊಬ್ಬರಿ ಮಂಡಿಯೊಂದರ ಮೇಲೆ ಎರಡು ಕೋಣೆ. ಕೆಳಗಿನಿಂದ ಸದಾ ಕೊಬ್ಬರಿಯ ವಾಸನೆ. ಬಾಣಾವರದಿಂದ, ಜಾವಗಲ್ಲಿನಿಂದ, ಹಳೇಬೀಡಿನಿಂದ ಕಕ್ಷಿದಾರರು ಬರುತ್ತಿದ್ದರು. ಬೇಲೂರಿನ ಕೋರ್ಟಿನಲ್ಲಿ ಕೇಸಿದ್ದ ದಿನ ಜಾವಗಲ್, ಹಳೇಬೀಡಿನ ಮೇಲೆ ಹೋಗುವ ಬಸ್ಸಿನಲ್ಲಿ ಕಾಗದದ ಕಟ್ಟುಗಳನ್ನು ತೊಡೆಯ ಮೇಲಿಟ್ಟುಕೊಂಡು ನಾವಿಬ್ಬರೂ ಹೊರಡುತ್ತಿದ್ದೆವು.

ಹಳ್ಳಿಯವರು ತಡೆಯಾಜ್ಞೆಯನ್ನು, ಇಂಜಂಕ್ಷನ್ ಎನ್ನಲು ಬಾರದೆ, ‘ಇಂಜೆಕ್ಷನ್ನು’ ಅನ್ನುತ್ತಿದ್ದರು. “ಸ್ವಾಮಿ, ನಮ್ಮ ದಾಯಾದಿಗೆ ಒಂದು ಇಂಜೆಕ್ಷನ್ ಕೊಡಿಸ್ಬೇಕಲ್ಲಾ” ಎಂದು ಬಂದು ಕೂರುವರು. ತಾತನ ಕಾಲದಿಂದ ಜಮೀನು ತಮಗೆ ಹೇಗೆ ಬಂತು ಎಂದು ಕಥೆ ಶುರು ಮಾಡಿದರೆ ನಂಜುಂಡಯ್ಯನವರು ಕೈಯೆತ್ತಿ ತಡೆಯುವರು. “ಹಕ್ಕು ಯಾರದ್ದು ಅನ್ನೋದನ್ನ ಆಮೇಲೆ ನೋಡೋಣ. ಇವತ್ತು ಬೆಳಗ್ಗೆ ಆ ಜಮೀನಲ್ಲಿ ಯಾರು ನಿಂತಿದ್ರು? ಅದನ್ನ ಹೇಳಿ.” ತಡೆಯಾಜ್ಞೆಯ ಮರ್ಮವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಒಡೆತನ ತೀರ್ಮಾನವಾಗುವುದಕ್ಕೆ ವರ್ಷಗಳು ಬೇಕು. ಅಲ್ಲಿಯವರೆಗೆ ಸ್ವಾಧೀನದಲ್ಲಿ ಇರುವವನನ್ನು ಅಲುಗಿಸಬೇಡಿ ಎನ್ನುವುದಷ್ಟೇ ಅದರ ಕೆಲಸ. ಜಮೀನಿನಲ್ಲಿ ನಿಂತವನು ನ್ಯಾಯವಾಗಿ ನಿಂತಿದ್ದಾನೋ ಅನ್ಯಾಯವಾಗಿ ನಿಂತಿದ್ದಾನೋ ಎಂದು ಆ ಹೊತ್ತಿಗೆ ಯಾರೂ ಆಳವಾಗಿ ನೋಡುವುದಿಲ್ಲ.

ಆಗಿನ ಕೆಲಸದಲ್ಲಿ ನಗು ಬರಿಸುವ ತಪ್ಪುಗಳೂ ಇದ್ದವು. ಟೈಪ್‌ರೈಟರಿನಲ್ಲಿ ಕಾರ್ಬನ್ ಇಟ್ಟು ಹೊಡೆಯುತ್ತಿದ್ದೆವು, ಕೊನೆಯ ಪ್ರತಿ ಓದಲು ಬರುತ್ತಿರಲಿಲ್ಲ. ಬಾಣಾವರದ ಒಂದು ತೆಂಗಿನ ತೋಟದ ದಾವೆಯಲ್ಲಿ ಚಕ್ಕುಬಂದಿಯ ಪೂರ್ವ ಪಶ್ಚಿಮ ಅದಲು ಬದಲಾಗಿ, ನಮ್ಮ ಕಕ್ಷಿದಾರನ ತೋಟ ಇರಬೇಕಾದ ಕಡೆ ರೈಲು ಹಳಿ ಬಂದಿತ್ತು. ಕೋರ್ಟಿನ ಅಮೀನ ಪಾಪ, ಹಳಿಯ ಮೇಲೆ ನಿಂತು ಆಜ್ಞೆ ಓದಿ ಬಂದ. ನಂಜುಂಡಯ್ಯನವರು ಅವತ್ತು ನನ್ನನ್ನು ಬೈಯಲಿಲ್ಲ. “ಇನ್ನು ರೈಲಿನೋರು ಅಪೀಲು ಹೋಗ್ಬೇಕಷ್ಟೆ ಕಣಯ್ಯ” ಎಂದರು.

ಮರುದೇವಮ್ಮನವರು ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದದ್ದು ಭೂಸುಧಾರಣೆ ಕಾಯಿದೆ ಬಂದ ಹೊಸದರಲ್ಲಿ. ಗೇಣಿಗೆ ಉಳುತ್ತಿದ್ದವರು ಅರ್ಜಿ ಹಾಕಿದರೆ ಭೂನ್ಯಾಯ ಮಂಡಳಿ ವಿಚಾರಿಸಿ ಜಮೀನನ್ನು ಅವರಿಗೇ ಕೊಡುತ್ತದೆ ಎಂದಾಗಿತ್ತು. ಜಮೀನುದಾರರು ಹೌಹಾರಿದ್ದರು. ಗೇಣಿದಾರ ಗೇಣಿದಾರನೇ ಅಲ್ಲ, ನಾವೇ ಆಳಿಟ್ಟು ಸಾಗುವಳಿ ಮಾಡಿಸುತ್ತಿದ್ದೇವೆ ಎಂದು ಸಿವಿಲ್ ಕೋರ್ಟಿನಿಂದ ಮೊದಲೇ ಒಂದು ತಡೆಯಾಜ್ಞೆ ತಂದಿಟ್ಟುಕೊಂಡರೆ ಮಂಡಳಿಯ ಮುಂದೆ ಅನುಕೂಲ ಎಂದು ಊರೂರಿನಿಂದ ಬರುತ್ತಿದ್ದರು.

ಮರುದೇವಮ್ಮನವರು ಹಳೇಬೀಡಿನ ಜೈನರು. ಬಸದಿಗಳಿಂದ ಸ್ವಲ್ಪ ದೂರದಲ್ಲಿ ಮನೆ, ಕೆರೆಯ ಕೆಳಗೆ ಗದ್ದೆ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಜೊತೆಯಲ್ಲಿ ಬಂದಿದ್ದವನು ಮೈದುನ ಧರಣಪ್ಪ, ಅದೇ ಊರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದವನು. ಮಾತೆಲ್ಲ ಅವನದೇ. ಆಕೆ ಬಿಳಿ ಸೀರೆಯ ಸೆರಗು ಹೊದ್ದು ಬೆಂಚಿನ ತುದಿಯಲ್ಲಿ ಕೂತಿದ್ದರು. ನಂಜುಂಡಯ್ಯನವರು, “ಇವರು ನಿಮಗೆ ಏನಾಗ್ಬೇಕಮ್ಮ?” ಎಂದು ಕೇಳಿದಾಗ ಮಾತ್ರ ಮುಖ ಅರಳಿತು.

“ಮೈದುನ ಸ್ವಾಮಿ. ನಾನು ಆ ಮನೆಗೆ ಕಾಲಿಟ್ಟಾಗ ಇವನಿಗೆ ಹಾಲುಹಲ್ಲು ಬೀಳ್ತಿತ್ತು. ಅತ್ತೆ ಇರ್ಲಿಲ್ಲ. ಎತ್ತಿ ಆಡ್ಸಿದ್ದು, ಉಣ್ಸಿದ್ದು, ಎಲ್ಲಾ ನಾನೇ.”

“ಅತ್ತಿಗೆ, ಅದೆಲ್ಲಾ ಇಲ್ಯಾಕೆ?” ಎಂದು ಧರಣಪ್ಪ ನಾಚಿಕೊಂಡ. ಆಗ ಅವನಿಗೆ ಮೂವತ್ತರ ಮೇಲಾಗಿತ್ತು.

ಗದ್ದೆಯನ್ನು ಉಳುತ್ತಿದ್ದವನು ತಿಮ್ಮೇಗೌಡ. ಅವನ ತಂದೆಯ ಕಾಲದಿಂದಲೂ ಗೇಣಿ. ಧರಣಪ್ಪ ಹೇಳಿದ್ದು ಬೇರೆ: ಅವನು ಬರೀ ಕೂಲಿಗೆ ಬರುವವನು, ಈಗ ಕಾಯಿದೆ ನೋಡಿ ಗೇಣಿದಾರ ಅನ್ನುತ್ತಿದ್ದಾನೆ. ನಂಜುಂಡಯ್ಯನವರು ಅದನ್ನೇ ವಾದಪತ್ರ ಮಾಡಿದರು. ‘ಪ್ರತಿವಾದಿಗೂ ಸದರಿ ಜಮೀನಿಗೂ ಯಾವ ಸಂಬಂಧವೂ ಇರುವುದಿಲ್ಲ’ ಎಂಬ ವಾಕ್ಯ ಅದರಲ್ಲಿತ್ತು. ಎಲ್ಲ ವಾದಪತ್ರಗಳಲ್ಲೂ ಇರುವ ವಾಕ್ಯ. ಮರುದೇವಮ್ಮನವರಿಗೆ ಓದು ಬರುತ್ತಿತ್ತು, ಆದರೆ ಓದಲಿಲ್ಲ. ಸಂಜೆಯಾಗುವುದರೊಳಗೆ ಊರು ಸೇರಿ ಊಟ ಮಾಡಬೇಕು, ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಧರಣಪ್ಪ ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಎದ್ದರು.

ಆಗೆಲ್ಲ ಎದುರಾಳಿಗೆ ನೋಟಿಸು ಮುಟ್ಟುವ ಮೊದಲೇ ಆಜ್ಞೆ ಸಿಗುವುದು ಸುಲಭವಾಗಿತ್ತು. ಬೇಲೂರಿನ ಮುನ್ಸೀಫರು ಅವತ್ತೇ ಕೊಟ್ಟರು. ಅಮೀನ ಹಳೇಬೀಡಿನ ಗದ್ದೆಗೆ ಹೋಗಿ ಬದುವಿನ ಮೇಲೆ ನಿಂತು ತಿಮ್ಮೇಗೌಡನಿಗೆ ಓದಿ ಹೇಳಿದ. ಪೈರು ಆಗ ತೆನೆ ಕಟ್ಟಿತ್ತು.

ತಿಮ್ಮೇಗೌಡ ಬೇಲೂರಿನ ಒಬ್ಬ ವಕೀಲರನ್ನು ಹಿಡಿದ. ಅಷ್ಟರಲ್ಲಿ ಮುನ್ಸೀಫರಿಗೆ ವರ್ಗವಾಯಿತು. ಹೊಸಬರು ಬರುವವರೆಗೆ ವಾಯಿದೆ ಮೇಲೆ ವಾಯಿದೆ. ಭತ್ತ ಬಲಿತು ಬಾಗಿತು. ತಿಮ್ಮೇಗೌಡ ಗದ್ದೆಗೆ ಇಳಿಯುವ ಹಾಗಿಲ್ಲ. ಧರಣಪ್ಪ ಕೊಯ್ಯಿಸೋಣವೆಂದರೆ ಊರಿನ ಒಂದು ಆಳೂ ಬರಲಿಲ್ಲ. ಬೆಳೆದವನು ಬದುವಿನ ಮೇಲೆ ಕೂತು ನೋಡುತ್ತಿರುವಾಗ ಆ ಪೈರಿಗೆ ಯಾರು ಕುಡುಗೋಲು ಹಾಕುತ್ತಾರೆ? ಕೊನೆಗೆ ಧರಣಪ್ಪ ಜಾವಗಲ್ಲಿನ ಕಡೆಯಿಂದ ಆಳುಗಳನ್ನು ಕರೆಸಿದ, ಪೊಲೀಸರ ರಕ್ಷಣೆಗೆ ಕೋರ್ಟಿನಿಂದ ಆದೇಶವನ್ನೂ ಪಡೆದ. ಗಲಾಟೆಯಾಗದಂತೆ ನೋಡಿಕೊಂಡು ಬಾ ಎಂದು ನಂಜುಂಡಯ್ಯನವರು ನನ್ನನ್ನು ಕಳಿಸಿದರು.

ಗಲಾಟೆ ಆಗಲಿಲ್ಲ. ಇಬ್ಬರು ಪೊಲೀಸರು ಮರದ ನೆರಳಲ್ಲಿ ನಿಂತಿದ್ದರು. ತಿಮ್ಮೇಗೌಡ ಟವೆಲನ್ನು ತಲೆಯ ಮೇಲೆ ಹಾಕಿಕೊಂಡು ಪಕ್ಕದ ಗದ್ದೆಯ ಬದುವಿನಲ್ಲಿ ಕೂತಿದ್ದ. ಆಳುಗಳು ತಲೆಯೆತ್ತದೆ ಕೊಯ್ಯುತ್ತಿದ್ದರು. ಯಾರೂ ಹಾಡಲಿಲ್ಲ. ಹೊರೆಗಳನ್ನು ಗಾಡಿಗೆ ಏರಿಸುವ ಹೊತ್ತಿಗೆ ಮರುದೇವಮ್ಮನವರು ಮನೆಯಿಂದ ನಡೆದು ಬಂದರು. ಅವರನ್ನು ಕಂಡದ್ದೇ ತಿಮ್ಮೇಗೌಡನ ಹೆಂಡತಿ ಕಾಳಮ್ಮ ಎದ್ದು ಎದುರಿಗೆ ಹೋದಳು. ಪೊಲೀಸರು ಮುಂದೆ ಬಂದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

“ಅಮ್ಮಾವ್ರೆ, ಒಂದೇ ಮಾತು ಕೇಳ್ತೀನಿ. ನಾಟಿ ದಿವ್ಸ ನೀವೇ ಇಲ್ಲಿ ಕುಂತು ನಮ್ಗೆಲ್ಲಾ ಮಜ್ಜಿಗೆ ಕೊಟ್ರಿ. ಈಗ ನಮ್ಗೂ ಈ ಭೂಮಿಗೂ ಸಂಬಂಧಾನೇ ಇಲ್ಲ ಅಂತ ಕಾಗದದಾಗೆ ಬರ್ಸೀರಂತೆ. ಅಮೀನ ಓದ್ದ. ಅದು ನಿಮ್ಮ ಮಾತಾ?”

ಮರುದೇವಮ್ಮನವರು ನನ್ನ ಕಡೆ ತಿರುಗಿದರು. “ಹಾಗೆ ಬರೆದಿದೆಯಾ ವಕೀಲ್ರೇ?”

“ಹೌದಮ್ಮ. ನಿಮ್ಮ ಸಹಿ ಇದೆ.”

ಆಕೆ ಗಾಡಿ ಹೊಡೆಯುವವನ ಹತ್ತಿರ ಹೋಗಿ, “ಗಾಡೀನ ತಿಮ್ಮೇಗೌಡ್ರ ಕಣಕ್ಕೆ ಹೊಡಿಯಪ್ಪ” ಎಂದರು.

ಧರಣಪ್ಪ ಓಡಿ ಬಂದ. “ಅತ್ತಿಗೆ, ಏನ್ ಮಾಡ್ತಿದೀರಿ ಅಂತ ಗೊತ್ತಾ? ಈ ಗಾಡಿ ಅಲ್ಲಿಗೆ ಹೋದ್ರೆ ಗದ್ದೆನೂ ಹಿಂದಿಂದೇ ಹೋಗುತ್ತೆ.”

“ಹೋಗ್ಲಿ ಧರಣಪ್ಪ. ಅವರು ಬೆಳೆದ ಭತ್ತ ನನ್ನ ಒಲೇಲಿ ಬೇಯಲ್ಲ.”

ಮಾರನೆಯ ದಿನ ಕಚೇರಿಯಲ್ಲಿ ಈ ಸಂಗತಿ ಹೇಳಿದೆ. ನಂಜುಂಡಯ್ಯನವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಕ್ಷಿದಾರರು ತಮ್ಮ ದಾವೇನ ತಾವೇ ಕೊಯ್ದು ಗಾಡೀಲಿ ಹಾಕಿ ಕಳಿಸಿದ್ದು ನನ್ನ ಸರ್ವೀಸಿನಲ್ಲಿ ಇದೇ ಮೊದಲು” ಎಂದರು. ಅವರಿಗೆ ಸಿಟ್ಟಿತ್ತೋ ಮೆಚ್ಚುಗೆ ಇತ್ತೋ ನನಗೆ ಗೊತ್ತಾಗಲಿಲ್ಲ. ಧರಣಪ್ಪ ಅಂದದ್ದು ನಿಜವಾಯಿತು. ಭೂನ್ಯಾಯ ಮಂಡಳಿಯ ಮುಂದೆ ಆಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಗದ್ದೆ ತಿಮ್ಮೇಗೌಡನ ಹೆಸರಿಗೆ ಆಯಿತು. ಆಮೇಲೂ ಅವನು ಸುಗ್ಗಿ ಮುಗಿದ ಮೇಲೆ ಆಕೆಯ ಮನೆಗೆ ಅಕ್ಕಿ ಕಳಿಸುತ್ತಿದ್ದನಂತೆ. ಕಾಯಿದೆಯಲ್ಲಿ ಇಲ್ಲದ ಅಕ್ಕಿ. ಕೇಳಿ ನನಗೆ ಸಂತೋಷವಾಗಿತ್ತು. ಧರಣಪ್ಪನ ಬಗ್ಗೆ ನಾನು ಯೋಚಿಸಿರಲಿಲ್ಲ. ಮುಂದೆ ತನಗೆ ಬರಬೇಕಾಗಿದ್ದ ಗದ್ದೆಯನ್ನು ಅತ್ತಿಗೆ ಕೈಯಾರೆ ಕೊಟ್ಟರು ಎಂಬುದು ಅವನ ಎದೆಯಲ್ಲಿ ಬೆಳೆಯುತ್ತಿತ್ತು.

ಅವರು ಎರಡನೆಯ ಸಲ ಬಂದಾಗ ಎಂಬತ್ತರ ದಶಕ ನಡೆಯುತ್ತಿತ್ತು. ನಂಜುಂಡಯ್ಯನವರು ವಯಸ್ಸಾಗಿ ಮನೆಯಲ್ಲೇ ಉಳಿದಿದ್ದರು, ಕಚೇರಿ ನನ್ನದಾಗಿತ್ತು. ಈ ಸಲ ಮರುದೇವಮ್ಮನವರು ಒಬ್ಬರೇ ಬಂದರು.

“ಧರಣಪ್ಪ ಮನೆ ಬಿಡು ಅಂತಾನೆ. ಪಾಲಿನಲ್ಲಿ ಮನೆ ಅವನಿಗೆ ಬಂದಿತ್ತಂತೆ. ನಂಗೆ ಬೇರೆ ಏನೂ ಬೇಡ, ಇರೋವರ್ಗೆ ಅಲ್ಲಿಂದ ಎಬ್ಬಿಸ್ಬಾರ್ದು. ಹಂಗೆ ಒಂದು ಆರ್ಡರ್ ಮಾಡ್ಸಿಕೊಡಿ.”

ಇದಕ್ಕಿಂತ ಸರಳವಾದ ಕೇಸು ಇಲ್ಲ. ಮದುವೆಯಾಗಿ ಬಂದಾಗಿನಿಂದ ಆಕೆ ಇದ್ದ ಮನೆ, ಸ್ವಾಧೀನ ಕಣ್ಣಿಗೆ ಕಾಣುವಂತಿತ್ತು. ಆದರೆ ಅಷ್ಟರಲ್ಲಿ ಕೋರ್ಟಿನ ಕ್ರಮ ಬದಲಾಗಿತ್ತು. ಏಕಪಕ್ಷೀಯವಾಗಿ ಆಜ್ಞೆ ತಂದು ಜನರಿಗೆ ತೊಂದರೆ ಕೊಡುತ್ತಾರೆಂದು ಕಾಯಿದೆ ತಿದ್ದಿದ್ದರು. ತನ್ನ ಮೇಲೆ ದಾವೆ ಬರಬಹುದು ಎಂದು ಅನುಮಾನ ಇದ್ದವನು ಮೊದಲೇ ಕೋರ್ಟಿಗೆ ಒಂದು ಕೇವಿಯಟ್ ಹಾಕಿಟ್ಟರೆ, ಅವನಿಗೆ ತಿಳಿಸದೆ ಆಜ್ಞೆ ಕೊಡುವ ಹಾಗಿಲ್ಲ. ಒಳ್ಳೆಯ ತಿದ್ದುಪಡಿ. ತಿಮ್ಮೇಗೌಡನ ಕಾಲಕ್ಕೆ ಅದು ಇದ್ದಿದ್ದರೆ ಆ ಭತ್ತದ ಗೋಳು ಇರುತ್ತಿರಲಿಲ್ಲ ಎಂದು ನಾನೇ ಎಷ್ಟೋ ಸಲ ಅಂದುಕೊಂಡಿದ್ದೆ. ಧರಣಪ್ಪ ಬೇಲೂರಿನಲ್ಲಿ ಕೇವಿಯಟ್ ಹಾಕಿಸಿದ್ದ.

ಹೀಗಾಗಿ ಅವನಿಗೆ ನೋಟಿಸು ಕಳಿಸಿದೆವು. ಇಂಥ ದಿನ ಬೇಲೂರು ಕೋರ್ಟಿನಲ್ಲಿ ಅರ್ಜಿ ಹಾಕುತ್ತೇವೆ ಎಂದು ಅದರಲ್ಲಿ ಕಾಣಿಸಲೇಬೇಕು, ಕಾಣಿಸಿದೆವು. ಅವತ್ತು ಮರುದೇವಮ್ಮನವರು ಮೊದಲ ಬಸ್ಸಿಗೆ ಬಂದು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಧರಣಪ್ಪನ ವಕೀಲರು ಎದ್ದು ನಿಂತು ತಕರಾರು ಹಾಕಲು ಸಮಯ ಕೇಳಿದರು. ಮುನ್ಸೀಫರು ಮುಂದಿನ ವಾರ ನೋಡೋಣ ಎಂದರು. ಎಲ್ಲವೂ ಕ್ರಮಪ್ರಕಾರವೇ ನಡೆಯಿತು. ಆಕೆ ಮಧ್ಯಾಹ್ನದ ಬಸ್ಸಿಗೆ ಹಳೇಬೀಡಿಗೆ ಹೋಗಿ ನೋಡಿದರೆ ಮನೆಗೆ ಬೇರೆ ಬೀಗ ಬಿದ್ದಿತ್ತು. ಪಾತ್ರೆ, ಹಾಸಿಗೆ, ಪೂಜೆಯ ಪೆಟ್ಟಿಗೆ ಜಗುಲಿಯ ಮೇಲಿದ್ದವು. ಆಕೆ ಊರಲ್ಲಿ ಇಲ್ಲದ ದಿನ ಯಾವುದು ಎಂದು ಅವನಿಗೆ ತಿಳಿಸಿದ್ದು ನಮ್ಮ ನೋಟಿಸೇ.

ಮುಂದಿನ ವಾರ ಮುನ್ಸೀಫರು ನನ್ನ ಅರ್ಜಿಯನ್ನು ವಜಾ ಮಾಡಿದರು. ಸ್ವಾಧೀನದಲ್ಲಿ ಇಲ್ಲದವರಿಗೆ ತಡೆಯಾಜ್ಞೆ ಇಲ್ಲ. ಅವರು ಒಳ್ಳೆಯವರೇ, ಆಜ್ಞೆ ಬರೆಸುವಾಗ ಆಕೆಯ ಮುಖ ನೋಡಲಿಲ್ಲ. ಇನ್ನು ಉಳಿದದ್ದು ಬೇರೆ ದಾವೆ: ಬಲಾತ್ಕಾರದಿಂದ ಹೊರಹಾಕಿದ್ದಾರೆ, ಸ್ವಾಧೀನ ಮರಳಿ ಕೊಡಿಸಿ ಎಂದು ಕೇಳುವುದು. ಹಾಕಿದೆ. ತಿಮ್ಮೇಗೌಡನ ಮನೆಯ ಹಿತ್ತಲ ಕೋಣೆಯಲ್ಲಿ ಕಾಳಮ್ಮ ಆಕೆಗೆ ಬೇರೆ ಒಲೆ ಹೂಡಿಕೊಟ್ಟಳು, ಈರುಳ್ಳಿ ಬೆಳ್ಳುಳ್ಳಿ ಸೋಕದ ಹೊಸ ಮಡಕೆಗಳನ್ನು ತಂದಿಟ್ಟಳು. ದಾವೆ ಎಳೆಯಿತು.

ಧರಣಪ್ಪನ ತಕರಾರಿನ ಪ್ರತಿ ನನ್ನ ಕೈಗೆ ಬಂದ ದಿನ ಮರುದೇವಮ್ಮನವರು ಕೋರ್ಟಿನ ಜಗುಲಿಯಲ್ಲೇ ಇದ್ದರು. ಈ ಸಲ ತಾವೇ ಕೇಳಿ ತೆಗೆದುಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಒಂದು ಕಡೆ ಬೆರಳು ನಿಂತಿತು. ‘ವಾದಿಯು ಪ್ರತಿವಾದಿಯ ಅಣ್ಣನ ಹೆಂಡತಿ ಎಂಬುದನ್ನು ಈ ಮೂಲಕ ನಿರಾಕರಿಸಲಾಗಿದೆ. ಆಕೆ ಯಾರೆಂಬುದು ಪ್ರತಿವಾದಿಗೆ ತಿಳಿಯದು.’

“ಇದು ಧರಣಪ್ಪ ಹೇಳಿದ್ದಾ, ಅವನ ವಕೀಲ್ರು ಹೇಳಿದ್ದಾ?”

ನಾನು ವಿವರಿಸಿದೆ. ತಕರಾರಿನಲ್ಲಿ ನಿರಾಕರಿಸದೆ ಬಿಟ್ಟದ್ದನ್ನು ಒಪ್ಪಿಕೊಂಡಂತೆ ಎಂದು ಕಾಯಿದೆ ಹೇಳುತ್ತದೆ. ಅದಕ್ಕಾಗಿ ವಕೀಲರು ಹೆಸರು, ಊರು ಬಿಟ್ಟು ಮಿಕ್ಕದ್ದನ್ನೆಲ್ಲ ನಿರಾಕರಿಸಿಬಿಡುತ್ತಾರೆ. ನಾವೆಲ್ಲರೂ ಹಾಗೇ ಬರೆಯುತ್ತೇವೆ, ಅದಕ್ಕೆ ಅರ್ಥ ಹಚ್ಚಬಾರದು ಎಂದೆ.

“ಸಹಿ?”

“ಸಹಿ ಧರಣಪ್ಪನವರದ್ದೇ.”

“ನಾನು ತಿಮ್ಮೇಗೌಡ್ರ ಮೇಲೆ ಹಾಕಿದ್ನಲ್ಲ, ಹಂಗೆ” ಎಂದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ವಾಪಸ್ಸು ಕೊಟ್ಟರು.

ಆ ಒಂದು ಸಾಲಿನಿಂದಾಗಿ ಮದುವೆಯನ್ನೇ ರುಜುವಾತು ಮಾಡಬೇಕಾಯಿತು. ಮದುವೆ ನೋಡಿದವರಲ್ಲಿ ಬದುಕಿದ್ದವರು ಕಡಿಮೆ, ಇದ್ದವರಿಗೆ ಧರಣಪ್ಪನ ದಾಕ್ಷಿಣ್ಯ. ತಿಮ್ಮೇಗೌಡ ಸಾಕ್ಷಿಗೆ ಬಂದ. ಧರಣಪ್ಪನ ವಕೀಲರು, “ನೀನು ಆ ಮದುವೆಗೆ ಹೋಗೇ ಇರಲಿಲ್ಲ ಅಂದರೆ ಸರಿಯೇನಪ್ಪ?” ಎಂದು ಕೇಳಿದರು.

“ಚಪ್ಪರಕ್ಕೆ ಗಳ ಹೊತ್ತು ತಂದೋನು ನಾನು, ಮಾಸ್ವಾಮಿ. ಗಂಡಿನ ತಮ್ಮ, ಅಗೋ ಅಲ್ಲಿ ಕುಂತವ್ರಲ್ಲ, ಅವ್ರು ನಿದ್ದೆಗಣ್ಣಲ್ಲಿ ಅಳ್ತಿದ್ರು. ಮದ್ಲಗಿತ್ತಿ ಹಸೆ ಮಣೆ ಮೇಲೇ ಅವ್ರನ್ನ ತೊಡೆ ಮೇಲೆ ಹಾಕ್ಕಂಡ್ರು.”

ಕೋರ್ಟಿನಲ್ಲಿ ಯಾರೋ ನಕ್ಕರು. ಧರಣಪ್ಪ ತಲೆ ತಗ್ಗಿಸಿದ. ಆ ಗಳಿಗೆಯಲ್ಲಿ ನಾವು ಇಬ್ಬರು ವಕೀಲರೂ ಕಡತ ಮುಚ್ಚಿ ಅತ್ತಿಗೆ ಮೈದುನ ಇಬ್ಬರನ್ನೂ ಮರದ ಕೆಳಗೆ ಕೂರಿಸಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಸಾಕ್ಷಿ ನನ್ನ ಕಡೆಗೆ ಚೆನ್ನಾಗಿ ಆಗುತ್ತಿತ್ತು. ಕೇಸು ಗೆಲ್ಲುತ್ತಿರುವಾಗ ರಾಜಿಯ ಮಾತು ಯಾವ ವಕೀಲನ ಬಾಯಲ್ಲೂ ಬರುವುದಿಲ್ಲ.

ಗೆದ್ದೆವು. ಅಮೀನ ಬೀಗ ಒಡೆದು ಮನೆಯನ್ನು ಆಕೆಯ ಸ್ವಾಧೀನಕ್ಕೆ ಕೊಟ್ಟ. ಕಾಳಮ್ಮ ಕಸ ಗುಡಿಸಿದಳು. ಊರಿನವರು ಬಂದು ನೋಡಿಕೊಂಡು ಹೋದರು. ಎದುರು ಸಾಲಿನಲ್ಲೇ ಇದ್ದ ಧರಣಪ್ಪನ ಮನೆಯ ಬಾಗಿಲು ಮುಚ್ಚಿತ್ತು.

ಒಂದೆರಡು ವರ್ಷ ಕಳೆದಿರಬೇಕು. ಮರುದೇವಮ್ಮನವರು ಒಂದು ದಿನ ಮತ್ತೆ ಕಚೇರಿಗೆ ಬಂದರು. ತುಂಬಾ ಇಳಿದಿದ್ದರು. ಏನಮ್ಮ ತೊಂದರೆ ಎಂದೆ. ತೊಂದರೆ ಏನಿಲ್ಲ, ಮನೆಯ ತಂಟೆಗೆ ಅವನು ಬರುತ್ತಿಲ್ಲ ಎಂದರು. ಆಮೇಲೆ ಕೇಳಿದರು:

“ಬಾಗ್ಲು ಎದುರಿಗೇ ಓಡಾಡ್ತಾನೆ. ಮುಖ ಕೊಟ್ಟು ನೋಡಲ್ಲ. ಅವನು ನನ್ನ ಮಾತಾಡ್ಸೋ ಹಂಗೆ ಕೋರ್ಟಿಂದ ಏನಾದ್ರೂ ಮಾಡೋಕಾಗುತ್ತಾ?”

ತಮಾಷೆಗೆ ಕೇಳುತ್ತಿದ್ದಾರೆಂದು ನೋಡಿದೆ. ಅಲ್ಲ. ಅಂಥ ಕಾಯಿದೆ ಇಲ್ಲಮ್ಮ ಎಂದೆ. “ಬ್ಯಾಡ ಅನ್ನೋದಕ್ಕೆ ಮಾತ್ರ ಇರೋದಾ?” ಎಂದು ಎದ್ದು ಹೋದರು.

ಮನಸ್ಸು ತಡೆಯದೆ, ಮುಂದಿನ ಸಲ ಬೇಲೂರಿನಿಂದ ಬರುವಾಗ ಹಳೇಬೀಡಿನಲ್ಲಿ ಇಳಿದು ಧರಣಪ್ಪನ ಅಂಗಡಿಗೆ ಹೋದೆ. ಎದುರು ಪಕ್ಷದ ವಕೀಲ ಬಂದನೆಂದು ಅವನು ಗಾಬರಿಯಾದ. ಕೂರಿಸಿದ. ಅತ್ತಿಗೆಯವರು ಕೇಳಿದ್ದನ್ನು ಹೇಳಿದೆ. ಅವನು ತಕ್ಕಡಿಯ ತಟ್ಟೆಯನ್ನು ಒರೆಸತೊಡಗಿದ.

“ಸಾರ್, ನಾನು ಹೋಗ್ಬೇಕು ಅಂತ ಎಷ್ಟೋ ದಿನ ಬಾಗ್ಲವರ್ಗೂ ಹೋಗಿದೀನಿ. ಏನಂತ ಕರೀಲಿ ಹೇಳಿ. ಅತ್ತಿಗೆ ಅಂತ ಕರ್ದ್ರೆ, ಯಾವ ಅತ್ತಿಗೆಯಪ್ಪ, ನಿಂಗೆ ಗೊತ್ತೇ ಇಲ್ವಲ್ಲ ಅಂದ್ಬಿಟ್ರೆ?”

“ಅವರು ಹಾಗನ್ನಲ್ಲ.”

“ಅನ್ನಲ್ಲ. ಅದು ಗೊತ್ತು ನಂಗೆ. ಅನ್ನಲ್ಲ ಅಂತಾನೇ ಹೋಗೋಕಾಗಲ್ಲ.”

ಅವನು ಹೋಗಲಿಲ್ಲ. ಮರುದೇವಮ್ಮನವರನ್ನು ಬೇಲೂರಿನ ಆಸ್ಪತ್ರೆಗೆ ಸೇರಿಸಿದಾಗ ಕಾಳಮ್ಮ ಹೇಳಿ ಕಳಿಸಿದಳು, ಕೋರ್ಟು ಮುಗಿಸಿಕೊಂಡು ನೋಡಲು ಹೋದೆ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಧರಣಪ್ಪ ಕೂತಿದ್ದ. ಕೈಯಲ್ಲಿ ಎಳನೀರು. ಬೆಳಗಿನಿಂದ ಹಾಗೇ ಕೂತಿದ್ದಾನೆ, ಒಳಗೆ ಬರಲಿಲ್ಲ ಎಂದು ಕಾಳಮ್ಮ ಹೇಳಿದಳು. ನರ್ಸ್ ಹೊರಗೆ ಬಂದು, “ಇಲ್ಲೆಲ್ಲಾ ಕೂರೋ ಹಾಗಿಲ್ಲ. ನೀವು ಪೇಷೆಂಟ್‌ಗೆ ಏನಾಗ್ಬೇಕು?” ಎಂದು ಗದರಿದಳು.

ಧರಣಪ್ಪ ಎದ್ದು ನಿಂತ. “ನಮ್ಮ ಅತ್ತಿಗೆ ಕಣಮ್ಮ. ನಾನು ಅವರ ಮೈದುನ. ನನ್ನ ಸಾಕಿದ್ದೇ ಅವ್ರು” ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ.

ನಾನು ಒಳಗೆ ಹೋದೆ. ಮರುದೇವಮ್ಮನವರಿಗೆ ಹಿಂದಿನ ಸಂಜೆಯಿಂದಲೇ ಪ್ರಜ್ಞೆ ಇರಲಿಲ್ಲ.